ಬೀರಲಿಂಗನ ಕುರಿಕತ್ತರಿ

ಯರಗುಪ್ಪಿಯ ಹುಚ್ಚಪ್ಪ ಕಮ್ಮಾರನಿಗೆ ಬಾಯಿ ಜಾಸ್ತಿ, ಆದರೆ ಕೈ ಶುದ್ಧ ಎಂದು ಊರೆಲ್ಲ ಹೇಳುತ್ತಿತ್ತು. ಕೈಯ ಮಾತು ಈ ಶ್ರಾವಣದವರೆಗೆ ನಿಜವಾಗಿತ್ತು.

ಕುಂದಗೋಳದಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ಜ್ಯೋತ್ಸ್ನಾ ಬಾಯಾರು ಹೊಸ ಮನೆ ಕಟ್ಟಿಸಿದ್ದರು. ಪಡಸಾಲೆಯಲ್ಲಿ ತೂಗುಹಾಕಲು ಉಕ್ಕಿನದೊಂದು ಗಾಳಿಗಂಟೆ ಬೇಕೆಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಸುತ್ತ ಐದು ಪಟ್ಟಿ, ನಡುವೆ ಕಟ್ಟಿಗೆಯ ಬಿಲ್ಲೆ. ಗಾಳಿ ಬೀಸಿದರೆ ಒಂದಕ್ಕೊಂದು ತಾಗಿ ನುಡಿಯಬೇಕು. ಹುಟ್ಟಿದಾಗಿನಿಂದ ಕುಂಟೆ, ಕೂರಿಗೆ, ಕುಡಗೋಲು ಬಿಟ್ಟು ಬೇರೇನೂ ಮಾಡದ ಹುಚ್ಚಪ್ಪನಿಗೆ ಭಾರೀ ಹುರುಪು ಬಂತು. "ಹಾಡುವಂಥಾ ಕಬ್ಬಣ ಮಾಡಿ ಕೊಡತೀನ್ರಿ ಬಾಯಾರ, ನೋಡ್ತಿರ್ರಿ!" ಎಂದು ಎದೆ ತಟ್ಟಿಕೊಂಡ.

ಲಾರಿಯ ಹಳೆ ಕಮಾನುಪಟ್ಟಿ ಕಾಯಿಸಿದ, ಬಡಿದು ತೆಳ್ಳಗೆ ಮಾಡಿದ, ಎಣ್ಣೆಯಲ್ಲಿ ಅದ್ದಿದ. ಮೂರು ಪಟ್ಟಿ ನುಡಿದವು. ಉಳಿದೆರಡು ಏನು ಮಾಡಿದರೂ ಒಡಕು ಗಡಿಗೆಯ ದನಿ ಬಿಡಲಿಲ್ಲ. ನಾಲ್ಕನೆಯ ದಿನ ಸಿಟ್ಟು ನೆತ್ತಿಗೇರಿ ಸುತ್ತಿಗೆ ಎಸೆದ. ಅದು ಹೋಗಿ ಗೋಡೆಯ ಮೊಳೆಗೆ ನೇತುಹಾಕಿದ್ದ ಕುರಿಕತ್ತರಿಗೆ ತಾಗಿತು. ಟಿಣ್ಣ್! ಆಹಾ, ಏನು ದನಿ! ಕುಲುಮೆಯ ತುಂಬ ಸುತ್ತಾಡಿ ಬಹಳ ಹೊತ್ತಿನ ಮೇಲೆ ಆರಿತು.

ಅದು ಕುರಿ ಕಾಯುವ ಬೀರಲಿಂಗನ ಕತ್ತರಿ, ಉಣ್ಣೆ ಕತ್ತರಿಸುವ ಉದ್ದ ಅಲಗಿನದು. ಸಾಣೆ ಹಿಡಿಯಲು ಕೊಟ್ಟು ಹೋದವನು ಎಂಟೇ ದಿನಕ್ಕೆ ಹಾವು ಕಡಿದು ತೀರಿಕೊಂಡಿದ್ದ. ಹನ್ನೊಂದು ತಿಂಗಳಾದರೂ ಯಾರೂ ಕೇಳಲು ಬಂದಿರಲಿಲ್ಲ. ಕುಲುಮೆಗೆ ಬಂದ ಆಯುಧ ಕಮ್ಮಾರನದಲ್ಲ ಎಂದು ಅಪ್ಪ ಸಾಯುವ ತನಕ ಹೇಳಿದ್ದ. ಹುಚ್ಚಪ್ಪನಿಗೆ ಅದು ನೆನಪಿತ್ತು. ನೆನಪಿಟ್ಟುಕೊಂಡೇ ಅಲಗುಗಳನ್ನು ಬೇರೆ ಮಾಡಿದ, ತೂತು ಕೊರೆದ, ಗಾಳಿಗಂಟೆಗೆ ಪೋಣಿಸಿದ. ಬಾಯಾರು ಕಣ್ಣು ಮುಚ್ಚಿ ಕೇಳಿ, "ಅಗದಿ ಛಲೋ ಆಗೇದ ನೋಡ್ರಿ" ಎಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಹಾನವಮಿಗೆ ಎಂಟು ದಿನವಿರುವಾಗ ಬೀರಲಿಂಗನ ಹೆಂಡತಿ ಕೆಂಚವ್ವ ಕುಲುಮೆಗೆ ಬಂದಳು.

"ತಮ್ಮಾ, ನಮ್ಮ ಮನಿಯವರ ಕತ್ರಿ ಕೊಡಪಾ. ವರ್ಷ ತುಂಬೂ ತನಕ ಹಬ್ಬ ಇದ್ದಿಲ್ಲ. ಈ ಸಲ ಖಂಡೇಪೂಜಿಗೆ ಇಡಬೇಕು."

ಹುಚ್ಚಪ್ಪ ಗೋಡೆಯ ಖಾಲಿ ಮೊಳೆಯತ್ತ ನೋಡಿದ. ಅಯ್ಯೋ ಶಿವನೇ! ಸಾವಾದ ಮನೆಯಲ್ಲಿ ವರ್ಷದವರೆಗೆ ಹಬ್ಬವಿಲ್ಲ, ಆಯುಧಕ್ಕೆ ಖಂಡೇಪೂಜೆಯಿಲ್ಲ, ಅದಕ್ಕೇ ಇಷ್ಟು ದಿನ ಯಾರೂ ಕೇಳಲು ಬಂದಿರಲಿಲ್ಲ. ಸಣ್ಣ ಕೂಸಿಗೂ ಗೊತ್ತಿರುವ ಮಾತು ಊರ ಆಯುಧಗಳನ್ನೆಲ್ಲ ಹದ ಮಾಡುವ ತನಗೇ ಹೊಳೆಯಲಿಲ್ಲವಲ್ಲ! ಕಬ್ಬಿಣ ಕಾದಾಗಲೇ ಬಡಿಯಬೇಕು ಎಂದು ಕಂಡಕಂಡವರಿಗೆ ಬುದ್ಧಿ ಹೇಳುವವನು, ನಿಜ ಹೇಳುವ ಆ ಗಳಿಗೆಯನ್ನು ಸುಮ್ಮನೆ ಆರಲು ಬಿಟ್ಟ.

"ಇಲ್ಲೇ ಎಲ್ಲೋ ಐತಿ ಯಕ್ಕಾ. ಹುಡುಕಿ ಇಟ್ಟಿರತೀನಿ."

"ಈಗ ಹುಡುಕೂಣು ತಗೋ. ನನಗರ ಏನ್ ಕೆಲಸೈತಿ?" ಎಂದವಳೇ ಕೆಂಚವ್ವ ಸೆರಗು ಸಿಕ್ಕಿಸಿಕೊಂಡು ಹಳೆ ಕಬ್ಬಿಣದ ರಾಶಿಯ ಮುಂದೆ ಕೂತುಬಿಟ್ಟಳು.

ಹುಚ್ಚಪ್ಪ ಏನು ಮಾಡಿಯಾನು? ತಾನೂ ಅವಳ ಬಾಜು ಕೂತು ಹುಡುಕಿದ. ಮುರಿದ ನೇಗಿಲ ಕುಡ, ಸವೆದ ಲಾಳ ಒಂದೊಂದೇ ಎತ್ತಿ ನೋಡಿ, ಲೊಚಗುಟ್ಟಿ, ಆಚೆ ಇಟ್ಟ. ಬಿಸಿಲೇರಿತು. ಕೆಂಚವ್ವನ ಬೆರಳಿಗೆ ತಗಡು ತಾಗಿ ರಕ್ತ ಬಂತು. "ಪಾಪ, ನಿನ್ನ ಕೆಲಸಾನೂ ಕೆಡಿಸಿದ್ನಿ. ನಾಳೆ ಬರತೀನಿ" ಎಂದು ಬೆರಳು ಚೀಪುತ್ತ ಎದ್ದುಹೋದಳು. ಮರುದಿನ ಬೆರಳಿಗೆ ಅರಿವೆ ಸುತ್ತಿಕೊಂಡೇ ಬಂದಳು. ಆವತ್ತೂ ಇಬ್ಬರೂ ಕೂತು ಹುಡುಕಿದರು.

ಅಂದು ರಾತ್ರಿ ಅವನು ಉಣ್ಣದೆ ಎದ್ದ. ಥೂ, ಸತ್ತವನ ಸಾಮಾನು ಕದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಕದ್ದದ್ದನ್ನು ತಂದುಕೊಟ್ಟರೆ ಪಾಪ ತೀರೀತು ಎಂದು ಮರುದಿನ ಮೊದಲ ಬಸ್ಸಿಗೇ ಕುಂದಗೋಳಕ್ಕೆ ಹೋದ. ಬಾಯಾರ ಮುಂದೆ ಎಲ್ಲ ಒದರಿದ. ಅವರು ಗಾಳಿಗಂಟೆ ಇಳಿಸಿ ಅವನ ಕೈಗಿಟ್ಟು, "ಮೊದಲ ಅವರಿಗೆ ಒಯ್ದು ಕೊಡ್ರಿ" ಎಂದರು.

ಕೆಂಚವ್ವ ಕುರಿಹಟ್ಟಿಯ ಮುಂದೆ ಕಸ ಬಳಿಯುತ್ತಿದ್ದಳು. ಹುಚ್ಚಪ್ಪ ಅದನ್ನು ಅವಳ ಮುಂದಿಟ್ಟು, ತಲೆಯೆತ್ತದೆ ಇದ್ದದ್ದೆಲ್ಲ ಹೇಳಿದ. "ತಪ್ಪಾತು ಯಕ್ಕಾ. ಬೈಯಿ, ಹೊಡಿ, ಏನರ ಮಾಡು."

ಕೆಂಚವ್ವ ಬೈಯಲಿಲ್ಲ. ಕೈ ಒರೆಸಿಕೊಂಡು ಗಾಳಿಗಂಟೆಯನ್ನು ಎತ್ತಿ ಹಿಡಿದಳು. ಅದು ನುಡಿಯಿತು. ಐದರಲ್ಲಿ ಗಂಡನ ಎರಡು ಅಲಗು ಯಾವುವೆಂದು ಅವಳು ಕೇಳಲಿಲ್ಲ. ನೇರ ಅವಕ್ಕೇ ಕೈಹಾಕಿ ಬಿಚ್ಚಿಕೊಂಡಳು.

"ಛಲೋ ನುಡೀತೈತಿ," ಎಂದಳು. "ಅವರಿದ್ದಿದ್ರ ನಕ್ಕೋತ ಕೊಡ್ತಿದ್ರು. ಕೇಳಿದ್ರ ನಾನೂ ಕೊಡ್ತಿದ್ನಿ. ಹೋಗ್ಲಿ, ಇವನ್ನ ಇಟ್ಟ ಪೂಜಿ ಮಾಡತೀನಿ ಬಿಡು."

ಹುಚ್ಚಪ್ಪನಿಗೆ ಹೋದ ಜೀವ ಬಂದಂತಾಯಿತು. ಉಳಿದ ಮೂರು ಪಟ್ಟಿ ಎತ್ತಿಕೊಂಡು ಏಳಲು ಹೊರಟ. ಕೆಂಚವ್ವ ಅರಿವೆ ಸುತ್ತಿದ ಬೆರಳನ್ನೊಮ್ಮೆ ನೋಡಿಕೊಂಡಳು.

"ಆದ್ರ ಎರಡು ದಿನ ನನ್ನ ಬಾಜು ಕುಂತು ನೀನೂ ಹುಡುಕಿದ್ಯಲ್ಲೋ, ಹುಚ್ಚಪ್ಪಾ?"

ಬಾಯಿ ಜಾಸ್ತಿ ಎನ್ನಿಸಿಕೊಂಡವನು ಎತ್ತಿಕೊಂಡ ಪಟ್ಟಿಗಳನ್ನು ಮತ್ತೆ ನೆಲಕ್ಕಿಟ್ಟು ಅಲ್ಲೇ ಕೂತ.