ಟೊಳ್ಳು ಕಲ್ಲಿನ ಗುರುತು

"ರಸ್ತೆ ಮೇಲೇ ಹೋಗೋಣ," ಎಂದು ಮೇಸ್ತ್ರಿ ಹೆಣ ಹೊತ್ತವರಿಗೆ ಅಡ್ಡ ನಿಂತ. "ಹಳೇ ರೈಲು ಸುರಂಗದಲ್ಲಿ ನೀರು ಸೋರುತ್ತೆ. ಕಾಲು ಜಾರುತ್ತೆ."

"ಗುಡ್ಡ ಸುತ್ತಿದ್ರೆ ಎರಡು ಮೈಲಿ ಆಗುತ್ತೆ ಮಾವ," ಎಂದಳು ಸತ್ತವನ ಮಗಳು. "ಅಪ್ಪ ಸುತ್ತಿಗೆ ಹಿಡಿದು ಹನ್ನೆರಡು ವರ್ಷ ನಡೆದ ದಾರಿ ಅದು. ಕೊನೇ ಸಲನೂ ಅಲ್ಲೇ ಹೋಗ್ಲಿ."

"ಬೇಗ ತೀರ್ಮಾನ ಮಾಡಿ," ಎಂದ ಹಿಂದೆ ಹೆಗಲು ಕೊಟ್ಟಿದ್ದ ಕ್ಷೌರಿಕ. "ನಮ್ಮ ಟಕಟಕ ಬದುಕಿದ್ದಾಗ ಗಾಳಿ ಬೀಸಿದ್ರೆ ಹಾರಿಹೋಗೋ ಹಾಗಿದ್ದ. ಈಗ ನೋಡಿ, ಎಂಜಿನ್ ಹೊತ್ತ ಹಾಗಿದೆ."

ಟಕಟಕ ಎಂಬುದು ಊರು ಇಟ್ಟ ಹೆಸರು. ಬೆಳಗಿನ ಮೊದಲ ರೈಲಿಗೆ ಮುಂಚೆ ಸುರಂಗದ ಕಲ್ಲುಗಳನ್ನು ಒಂದೊಂದಾಗಿ ಬಡಿದು ನೋಡುವುದು ಅವನ ಕೆಲಸವಾಗಿತ್ತು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಸಡಿಲವಾದದ್ದು ಡಬ್ ಎನ್ನುತ್ತದೆ. ಡಬ್ ಎಂದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಇಂಟು ಗುರುತು ಹಾಕುತ್ತಿದ್ದ. ಗಾರೆಯವನು ಬಂದು ಸರಿಮಾಡುವವರೆಗೆ ಆ ಗುರುತನ್ನು ಯಾರೂ ಮುಟ್ಟುವಂತಿರಲಿಲ್ಲ. ಅಲ್ಲಿಯವರೆಗೆ ರೈಲು ಆಮೆಯಂತೆ ತೆವಳಬೇಕು.

ಬೆಳಿಗ್ಗೆ ಹೆಣಕ್ಕೆ ಹಳೆಯ ಕೋಟು ತೊಡಿಸುವಾಗ ಜೇಬಿನಲ್ಲಿ ಅರ್ಧ ತುಂಡು ಸೀಮೆಸುಣ್ಣ ಸಿಕ್ಕಿತ್ತು. ಹೆಂಡತಿ ಅದನ್ನು ತನ್ನ ಅಣ್ಣನ ಕೈಗೆ ಕೊಟ್ಟಿದ್ದಳು. ಆ ಅಣ್ಣನೇ ಮೇಸ್ತ್ರಿ, ಒಂದು ಕಾಲಕ್ಕೆ ಸುರಂಗದ ಕೆಲಸದವರ ಮೇಲ್ವಿಚಾರಕ. ಅವನು ಅದನ್ನು ತನ್ನ ಜೇಬಿಗೆ ಹಾಕಿಕೊಂಡಿದ್ದ.

ಈಗ ಅವನ ಮಾತು ನಡೆಯಲಿಲ್ಲ. ಹೆಣ ಸುರಂಗದ ಕಡೆಗೇ ಹೊರಟಿತು.

*

ಸುರಂಗವನ್ನು ಎರಡು ಕಡೆಯಿಂದಲೂ ಕೊರೆದಿದ್ದರು. ನಡುವೆ ಎರಡೂ ತಂಡಗಳು ಒಂದು ಮಾರು ತಪ್ಪಿ ಸೇರಿದ್ದರಿಂದ ಅಲ್ಲೊಂದು ಸೊಟ್ಟ ತಿರುವು ಉಳಿದಿತ್ತು. ನೀರು ಸೋರುತ್ತಿದ್ದುದು ಅಲ್ಲೇ. ನಲವತ್ತು ವರ್ಷದ ಹಿಂದೆ ಟಕಟಕ ಇಂಟು ಹಾಕಿದ್ದ ಕಲ್ಲೂ ಅಲ್ಲೇ ಇತ್ತು.

ಗುರುತು ಬಿದ್ದು ಮೂರು ವಾರವಾದರೂ ಗಾರೆಯವನು ಬಂದಿರಲಿಲ್ಲ. ಅವನು ಮೇಸ್ತ್ರಿಯ ಮನೆಗೆ ಕಾಂಪೌಂಡು ಕಟ್ಟುತ್ತಿದ್ದ. ಅಷ್ಟರಲ್ಲಿ ರೈಲ್ವೆಯ ದೊಡ್ಡ ಸಾಹೇಬರು ತಪಾಸಣೆಗೆ ಬರುವ ದಿನ ಬಂತು. ಅವರ ಗಾಡಿ ತೆವಳಿದರೆ ಯಾಕೆಂದು ಕೇಳುತ್ತಾರೆ. ಒಂದು ದಿನಕ್ಕೆ ಏನಾದೀತು, ನಾಳೆ ಮತ್ತೆ ಗುರುತು ಹಾಕಿದರಾಯಿತು ಎಂದುಕೊಂಡು ಮೇಸ್ತ್ರಿ ಕೋಟಿನ ತೋಳಿನಿಂದ ಇಂಟನ್ನು ಒರೆಸಿಬಿಟ್ಟ.

ಸಾಹೇಬರ ಗಾಡಿ ಸುಖವಾಗಿ ದಾಟಿತು. ಅದರ ಹಿಂದೆ ಬಂದ ರೈಲಿನ ಮೇಲೆ ಕಲ್ಲು ಬಿತ್ತು. ಎಂಜಿನಿಗೆ ಕಲ್ಲಿದ್ದಲು ಹಾಕುತ್ತಿದ್ದವನ ಒಂದು ಕಣ್ಣು ಹೋಯಿತು.

ಸಂಜೆ ಮೇಸ್ತ್ರಿ ತಂಗಿಯ ಮನೆಗೆ ಹೋದಾಗ ಟಕಟಕ ತಲೆ ಚಚ್ಚಿಕೊಳ್ಳುತ್ತಿದ್ದ. "ಗುರುತು ಹಾಕಿದ್ದೆ ಭಾವ. ನನ್ನ ಕೈಯಾರೆ ಹಾಕಿದ್ದೆ."

"ಏನಣ್ಣ, ತೋಳೆಲ್ಲ ಬೆಳ್ಳಗೆ! ಸುಣ್ಣದ ಗೂಡಲ್ಲಿ ಬಿದ್ದಿದ್ಯಾ?" ಎನ್ನುತ್ತ ತಂಗಿ ತೋಳು ಝಾಡಿಸಿದಳು. ಬಿಳಿ ಪುಡಿ ನೆಲದ ಮೇಲೆ ಉದುರಿತು.

ಟಕಟಕ ಅದನ್ನು ನೋಡಿದ. ಆಮೇಲೆ ಭಾವನ ಮುಖ ನೋಡಿದ. ಚಚ್ಚಿಕೊಳ್ಳುತ್ತಿದ್ದ ಕೈಯನ್ನು ಕೆಳಗಿಳಿಸಿದ.

ಗುರುತು ಹಾಕಿದ್ದರೆ ಎಲ್ಲಿ ಹೋಯಿತು ಎಂದು ವಿಚಾರಣೆಯಲ್ಲಿ ಕೇಳಿದಾಗಲೂ ಅವನು ನೆಲ ನೋಡಿದ. ಸುತ್ತಿಗೆ ಕಿತ್ತುಕೊಂಡು ಪೊರಕೆ ಕೊಟ್ಟರು. ನಿವೃತ್ತಿಯಾಗುವವರೆಗೂ ನಿಲ್ದಾಣ ಗುಡಿಸಿದ.

*

ರೈಲು ಬೇರೆ ದಾರಿ ಹಿಡಿದ ಮೇಲೆ ಸುರಂಗ ಕಾಲುದಾರಿಯಾಗಿತ್ತು. ದನ ನುಗ್ಗದಂತೆ ಬಾಯಿಗೆ ಕಂಬಿ ನೆಟ್ಟು ಒಂದು ಸಂದು ಬಿಟ್ಟಿದ್ದರು. ಸಂದಿನ ಪಕ್ಕದಲ್ಲೇ ಸುರಂಗದ ಚರಿತ್ರೆ ಹೇಳುವ ಬೋರ್ಡು ಇತ್ತು. ಕೊನೆಯ ಸಾಲು ಹೀಗಿತ್ತು: "ಒಮ್ಮೆ ಕಾವಲುಗಾರನ ಅಲಕ್ಷ್ಯದಿಂದ ಕಲ್ಲು ಬಿದ್ದು ಒಬ್ಬರು ಕಣ್ಣು ಕಳೆದುಕೊಂಡರು."

ಕ್ಷೌರಿಕ ಅದನ್ನು ಓದಿದ. "ಓಹೋ, ಮನೆಯವರ ಕಣ್ಣಿಗೆ ಇದು ಬೀಳಬಾರದು ಅಂತ ರಸ್ತೆ ರಸ್ತೆ ಅಂತಿದ್ರಾ? ದೊಡ್ಡ ಮನಸ್ಸು ಮೇಸ್ತ್ರಿಗಳೇ ನಿಮ್ಮದು."

ಮೇಸ್ತ್ರಿ ಹೊತ್ತವರ ಮುಂದೆ ಬಂದು ಕೈ ಅಡ್ಡ ಹಿಡಿದ.

"ಇಳಿಸಿ," ಎಂದ. "ಸ್ವಲ್ಪ ಇಳಿಸಿ."

ಇಳಿಸಿದರು.

"ಗುರುತು ಇತ್ತು. ಅಳಿಸಿದ್ದು ನಾನು. ಹೋದ ವರ್ಷ ಚರಿತ್ರೆ ಕೇಳ್ಕೊಂಡು ಬಂದೋರಿಗೆ ಈ ಸಾಲು ಹೇಳಿದ್ದೂ ನಾನೇ."

ಕ್ಷೌರಿಕ ತನ್ನ ಚಪ್ಪಲಿ ನೋಡುತ್ತ ನಿಂತ.

"ಅಪ್ಪ ಇದನ್ನ ಓದಿದ್ರು," ಎಂದಳು ಮಗಳು. "ಯಾರಪ್ಪ ಬರೆಸಿದ್ದು ಅಂದ್ರೆ, ಯಾರೋ ದೊಡ್ಡೋರು ಅಂದ್ರು. ಅಪ್ಪನ ಕಿವಿ ಕೇಳೋವಾಗ ನಿಮ್ಮ ಬಾಯಿಗೆ ಏನಾಗಿತ್ತು ಮಾವ?"

ತಂಗಿ ಮುಂದೆ ಬಂದಳು.

"ಅವನೊಬ್ಬನನ್ನೇ ಬೈಬೇಡ," ಎಂದಳು ಮಗಳಿಗೆ. "ತೋಳು ಝಾಡಿಸಿದ್ದು ನಾನು. ಆ ಪುಡೀನ ಗುಡಿಸಿ ಹೊರಗೆ ಹಾಕಿದ್ದೂ ನಾನೇ. ನಿಮ್ಮಪ್ಪ ನೋಡ್ತಾ ಕೂತಿದ್ರು."

ಮೇಸ್ತ್ರಿ ಜೇಬಿನಿಂದ ಸೀಮೆಸುಣ್ಣ ತೆಗೆದ. ಬೋರ್ಡಿನ ಕೊನೆಯ ಸಾಲಿನ ಮೇಲೆ ದೊಡ್ಡದಾಗಿ ಇಂಟು ಹಾಕಿದ. ಉಳಿದ ಚೂರನ್ನು ಹೆಣದ ಕೋಟಿನ ಜೇಬಿಗೆ ವಾಪಸು ಹಾಕಿದ.

ಹೆಣ ಮತ್ತೆ ಮೇಲೆದ್ದಿತು. ಸಂದು ಕಿರಿದು. ಹೊತ್ತವರು ಬೋರ್ಡಿಗೆ ತಾಗದಂತೆ ಓರೆಯಾಗಿ ಒಳಗೆ ಹೋದರು. ತಂಗಿ ಸೆರಗು ಅವುಚಿಕೊಂಡು ದಾಟಿದಳು; ಮಗಳು ಹಿಂತಿರುಗಿ ನೋಡದೆ ದಾಟಿದಳು. ಕೊನೆಗೆ ಉಳಿದ ಮೇಸ್ತ್ರಿ ಅಂಗಿಯ ತೋಳುಗಳನ್ನು ಮೊಣಕೈಯಿಂದ ಮೇಲಕ್ಕೆ ಮಡಚಿ, ಎರಡೂ ಕೈಗಳನ್ನು ಎದೆಗೊತ್ತಿಕೊಂಡು, ಗುರುತಿನ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಒಳಗೆ ಹೆಜ್ಜೆಯಿಟ್ಟ.