ಫಿಲ್ಟರು ನಿಂತ ದಿನ

ಮಹಾನಂದಾ ಊಟಕ್ಕೆ ತಟ್ಟೆ ಹಾಕಿಕೊಂಡಿದ್ದಳಷ್ಟೆ, ಮೀನಿನ ತೊಟ್ಟಿಯ ಫಿಲ್ಟರು ಗರಗರ ಅಂದು ನಿಂತುಬಿಟ್ಟಿತು.

ತೊಟ್ಟಿ ಗಂಡ ಮಲ್ಲಿಕ್‌ನದು. ಆತ ಕಂಪನಿ ಕೆಲಸಕ್ಕೆ ಜರ್ಮನಿಗೆ ಹೋಗಿ ತಿಂಗಳಾಗುತ್ತ ಬಂದಿತ್ತು. "ಫಿಲ್ಟರ್ ಮಾತ್ರ ನಿಲ್ಲಬಾರ್ದು ಮಹಾ, ಮೀನು ಜಾಸ್ತಿ ಇವೆ" ಎಂದು ಹೇಳಿ ಹೋಗಿದ್ದ. ಇಳಕಲ್ಲಿನ ಶಾಲೆಯ ಕೆಲಸ ಬಿಟ್ಟು ವೈಟ್‌ಫೀಲ್ಡಿನ ಈ ಏಳನೇ ಮಹಡಿಗೆ ಬಂದ ಮೇಲೆ ಹಗಲೆಲ್ಲ ಅವಳ ಜೊತೆಗಿದ್ದದ್ದು ಆ ಸದ್ದೊಂದೇ. ಅದು ನಿಂತ ಮೇಲೆ ಮನೆ ಬಿಕೋ ಎಂದಿತು.

ಪ್ಲಗ್ ಕಿತ್ತು ಫಿಲ್ಟರು ಬಿಚ್ಚಿದಳು. ಟ್ಯಾಂಕರಿನವರು ತಂದು ಸುರಿಯುವ ಬೋರ್‌ವೆಲ್ ನೀರು ಒಳಗೆಲ್ಲ ತನ್ನ ಗುರುತು ಬಿಟ್ಟಿತ್ತು. ಹಂಡೆಯ ತಳಕ್ಕೆ ಕಟ್ಟುವಂಥ ಬಿಳಿ ಸುಣ್ಣ ಪುಟ್ಟ ಫ್ಯಾನಿನ ಸುತ್ತ ಹೆಪ್ಪುಗಟ್ಟಿ, ಬೆರಳಲ್ಲಿ ತಿರುಗಿಸಿದರೂ ಅದು ಮಿಸುಕಲಿಲ್ಲ. ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ನೆನೆಯಲು ಬಿಟ್ಟು, ಫ್ಯಾನು, ಕೊಳವೆಗಳನ್ನು ಬೋಗುಣಿಗೆ ಹಾಕಿ ವಿನೆಗರ್ ಸುರಿದಳು. ಗುಳುಗುಳು ನೊರೆ ಎದ್ದಿತು. ಘಾಟು ತಡೆಯಲಾರದೆ ಬೋಗುಣಿಯನ್ನು ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಒಯ್ದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಲು ಕೂತಳು.

ಆಗ ಗಾಳಿ ಬೀಸಿ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಹೊರಗಡೆಯ ಹಿಡಿಕೆ ಕಿತ್ತುಬಂದು ಬಹಳ ದಿನವಾಗಿತ್ತು. ಒಳಗಿನ ಚಿಲಕ ಟಕ್ಕೆಂದದ್ದು ಅವಳಿಗೆ ಕೇಳಿಸಿತು.

ಮೊದಲು ತನ್ನ ಬಗ್ಗೆ ತನಗೇ ನಗು ಬಂತು. ತಳ್ಳಿದಳು, ಒದ್ದಳು, ಸಂದಿಗೆ ಬ್ರಷ್ಷಿನ ಹಿಡಿ ತೂರಿಸಿ ಮುರಿದಳು. ಫೋನು ಹಾಲಿನಲ್ಲಿತ್ತು. ಕೆಳಗೆ ನಿಂತಿದ್ದ ಟ್ಯಾಂಕರಿನ ಮೋಟಾರು ಒರಲುತ್ತಿತ್ತು. ಅದರ ಮುಂದೆ ಅವಳ ಕೂಗು ಯಾರಿಗೂ ಮುಟ್ಟಲಿಲ್ಲ. ಅಡುಗೆಮನೆಯ ಕಿಟಕಿಯ ಸರಳುಗಳಾಚೆ ತೊಟ್ಟಿ ಕಾಣುತ್ತಿತ್ತು. ಮೀನುಗಳು ಒಂದೊಂದಾಗಿ ಮೇಲೆ ಬಂದು ಬಾಯಿ ಬಿಡುತ್ತಿದ್ದವು.

ಕೆಲಸದವಳು ಬರುವುದು ನಾಳೆ ಬೆಳಿಗ್ಗೆಯೇ. ಮಲ್ಲಿಕ್ ರಾತ್ರಿ ಫೋನು ಮಾಡಿದರೂ ಮಲಗಿರಬೇಕು ಎಂದುಕೊಂಡು ಇಟ್ಟುಬಿಡುತ್ತಾನೆ. ತಾನಿಲ್ಲಿ ಸಿಕ್ಕಿಕೊಂಡದ್ದು ಇಷ್ಟು ದೊಡ್ಡ ಕಟ್ಟಡದಲ್ಲಿ ಒಬ್ಬರಿಗೂ ಗೊತ್ತಾಗುವುದಿಲ್ಲ ಎಂಬುದು ಆಗ ಹೊಳೆಯಿತು. ಏಪ್ರಿಲ್ಲಿನ ಬಿಸಿಲು ನೆಲವನ್ನು ಕಾಯಿಸಿತ್ತು. ಬೇರೇನೂ ತೋಚದೆ ಮುರಿದ ಬ್ರಷ್ಷಿನಿಂದಲೇ ಸುಣ್ಣ ಕೆರೆಯತೊಡಗಿದಳು.

ಟ್ಯಾಂಕರು ಹೋದ ಮೇಲೆ ಎದುರಿನ ಬ್ಲಾಕಿನ ಬಾಲ್ಕನಿಗೆ ಒಬ್ಬ ಹೆಂಗಸು ಬಟ್ಟೆ ಒಣಹಾಕಲು ಬಂದಳು. ಮಹಾನಂದಾ ಎರಡೂ ಕೈ ಬೀಸಿ ಕೂಗಿದಳು.

"ಯಕ್ಕಾ! ಬಾಗ್ಲಾ ಹಾಕ್ಕೊಂಡೈತಿ! ಸೆಕ್ಯುರಿಟಿಗೆ ಹೇಳ್ರಿ!"

ತನ್ನ ಊರ ಕಡೆಯ ಮಾತು ಕೇಳಿ ಆ ಹೆಂಗಸು ಬಟ್ಟೆ ಬಿಟ್ಟು ಸರಳಿಗೆ ಬಂದಳು. "ಕೆಳಗ ಹೋಗಾಕ ಬರೂದಿಲ್ರಿ ಯಕ್ಕಾ."

"ಗೋಡಿಮ್ಯಾಲ ಫೋನ್ ಇರತೈತಲ್ಲ, ಅದರಾಗ ಹೇಳು!"

"ಮೇಡಂ ಅದನ್ನ ಮುಟ್ಟಬ್ಯಾಡ ಅಂದಾರ್ರಿ." ಅವಳು ಒಳಗಿನ ಗೋಡೆಯತ್ತ ತಿರುಗಿ ನೋಡಿದಳು. ಆಮೇಲೆ, "ತಡೀರಿ" ಎಂದು ಒಳಗೆ ಹೋದಳು.

ಸೆಕ್ಯುರಿಟಿಯ ಲಕ್ಷ್ಮಣಪ್ಪ ಬಡಗಿಯನ್ನು ಕರೆದುಕೊಂಡು ಬಂದು ಮುಂಬಾಗಿಲಿನ ಬೀಗ ಒಡೆಸಿ, ಬಾಲ್ಕನಿಯ ಬಾಗಿಲು ತೆಗೆದ. ಒಳಗೆ ಬಂದ ಮಹಾನಂದಾ ಫ್ಯಾನು ತೊಳೆದು, ಫಿಲ್ಟರು ಜೋಡಿಸಿ ಹಚ್ಚಿದಳು. ನೀರು ಒಮ್ಮೆ ಕೆಮ್ಮಿ ಹರಿಯತೊಡಗಿತು. ಮೀನುಗಳು ನಿಧಾನವಾಗಿ ಕೆಳಗಿಳಿದವು.

ಬೀಗ ರಿಪೇರಿಯಾಗುವವರೆಗೆ ಕಾದು, ಡಬ್ಬಿಯಲ್ಲಿ ಕರದಂಟು ಹಾಕಿಕೊಂಡು ಎದುರಿನ ಬ್ಲಾಕಿಗೆ ಹೋದಳು. ಆ ಫ್ಲಾಟಿನ ಬಾಗಿಲಿಗೆ ಹೊರಗಿನಿಂದ ದಪ್ಪ ಬೀಗ ನೇತಾಡುತ್ತಿತ್ತು. ಮಹಡಿ ತಪ್ಪಿತೇನೋ ಎಂದುಕೊಂಡೇ ಬೆಲ್ ಒತ್ತಿದಳು.

"ಮನ್ಯಾಗ ಯಾರೂ ಇಲ್ರಿ, ಸಂಜಿಗೆ ಬರ್ತಾರ" ಎಂದಿತು ಒಳಗಿನಿಂದ ಅದೇ ದನಿ.

"ನಾನು, ಆಗಲೇ ಕೂಗಿದಾಕಿ."

"ಹೊರಗ ಬಂದ್ರ್ಯಾ ಯಕ್ಕಾ! ಚಲೋ ಆತು ಬಿಡ್ರಿ."

"ನಿನ್ನ ಒಳಗಿಟ್ಟು ಯಾಕ ಬೀಗ ಹಾಕ್ಯಾರ?"

"ದಿನಾ ಹಾಕ್ತಾರ್ರಿ. ಬೆಂಗ್ಳೂರು ಚಲೋ ಅಲ್ಲಂತ." ಹೆಸರು ಹನುಮವ್ವ, ಊರು ಲಿಂಗಸುಗೂರು ಕಡೆ, ಇದೇ ಮನೆಯಲ್ಲಿದ್ದು ಕೆಲಸ ಮಾಡುವುದು ಎಂದಳು. ಕರದಂಟಿನ ಡಬ್ಬಿ ಕೊಡಲು ದಾರಿಯಿಲ್ಲದೆ ಮಹಾನಂದಾ ಅದನ್ನು ಹಿಡಿದುಕೊಂಡೇ ವಾಪಸಾದಳು. ಕೆಳಗೆ ಲಕ್ಷ್ಮಣಪ್ಪನನ್ನು ಕೇಳಿದರೆ, "ಎಲ್ಲಾರ್ಗೂ ಗೊತ್ತು ಮೇಡಂ. ಓನರ್ ವಿಷ್ಯ, ನಾವೇನ್ ಮಾಡೋಕಾಗುತ್ತೆ?" ಅಂದ.

ಸಂಜೆ ಆ ಮನೆಯ ಒಡತಿ ಸ್ಫೂರ್ತಿ ಕ್ಯಾಬಿನಿಂದ ಇಳಿಯುವುದನ್ನೇ ಕಾದು ಲಿಫ್ಟಿನ ಹತ್ತಿರ ತಡೆದಳು.

"ಓ, ನೀವೇನಾ? ಸೆಕ್ಯುರಿಟಿಯವ್ರು ಹೇಳಿದ್ರು. ಸೇಫಾಗಿ ಬಂದ್ರಲ್ಲ, ಸಾಕು. ಆದ್ರೆ ನಮ್ಮವಳು ಇಂಟರ್‌ಕಾಮ್ ಯೂಸ್ ಮಾಡಿದ್ದು..."

"ಅವಳು ಮಾಡಿದ್ದಕ್ಕೇ ನಾನು ಇಲ್ಲಿದ್ದೀನಿ. ಗ್ಯಾಸ್ ಹತ್ಕೊಂಡ್ರೆ ಅವಳು ಎಲ್ಲಿಗೆ ಓಡಬೇಕು?"

"ಅದು ನಮ್ಮನೆ ವಿಷ್ಯ ಅಲ್ವಾ?"

"ನಾಳೆ ಆ ಬೀಗ ಕಂಡ್ರೆ ನಾನು ಪೊಲೀಸರನ್ನ ಕರೀತೀನಿ." ಈ ಊರಿಗೆ ಬಂದ ಮೇಲೆ ಮಹಾನಂದಾ ಯಾರೊಂದಿಗೂ ಇಷ್ಟು ಜೋರಾಗಿ ಮಾತಾಡಿರಲಿಲ್ಲ. ಸ್ಫೂರ್ತಿ ಮುಖ ಕೆಂಪಗೆ ಮಾಡಿಕೊಂಡು ಲಿಫ್ಟು ಹತ್ತಿದಳು.

ಬೀಗ ಮತ್ತೆ ಕಾಣಲಿಲ್ಲ. ಒಂದು ಮಧ್ಯಾಹ್ನ ಹನುಮವ್ವ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮಹಾನಂದಾಳ ಮನೆಗೆ ಬಂದಳು. ಸೋಫಾ ಬೇಡವೆಂದು ಹೊಸ್ತಿಲ ಹತ್ತಿರವೇ ಕೂತಳು. ಚಹಾ ಕುದಿಯುತ್ತಿದ್ದಂತೆಯೇ ಎದ್ದುಬಿಟ್ಟಳು.

"ಕೂಡ್ರು, ಚಹಾ ಆತು."

"ಬ್ಯಾಡ್ರಿ. ಈಗ ಮೇಡಂ ತಾಸಿಗೊಮ್ಮೆ ಮನಿ ಫೋನಿಗೆ ಫೋನ್ ಮಾಡ್ತಾರ್ರಿ. ಎತ್ತಲಿಲ್ಲಂದ್ರ ಊರಿಗೆ ಕಳಸ್ತೀನಿ ಅಂದಾರ."

ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದಳು. ಮಹಾನಂದಾ ಒಲೆ ಆರಿಸಿ, ಚಹಾವನ್ನು ಥರ್ಮಾಸಿಗೆ ಸುರಿದು, ಎರಡು ಲೋಟ ತೆಗೆದುಕೊಂಡು ಅವಳ ಹಿಂದೆಯೇ ಹೊರಟಳು.