ಹಸಿದ ಹವಳ

ತೀರಿಕೊಂಡು ವರ್ಷವಾದ ನೀಲಗಂಗಮ್ಮನ ಗಣಾರಾಧನೆ ಚೆನ್ನಾಗಿಯೇ ನಡೆಯಿತು. ಎಂಬತ್ಮೂರನೆಯ ಇಸವಿಯ ಚೈತ್ರದ ಉರಿಬಿಸಿಲನ್ನೂ ಲೆಕ್ಕಿಸದೆ ತಿಪಟೂರಿನ ನಂಟರೆಲ್ಲ ಜಯನಗರದ ಮನೆಗೆ ಬಂದರು, ಮಿಂದರು, ಲಿಂಗಪೂಜೆ ಮಾಡಿಕೊಂಡು ಉಂಡರು. ಅವರೆಲ್ಲ ಹೊರಟ ಮೇಲೆ ಅವಳ ಗಂಡ ಮರುಳಸಿದ್ದಪ್ಪನವರು ಹಿಂದಿನ ಕೋಣೆಗೆ ಹೋಗಿ ನೋಡುತ್ತಾರೆ, ಗಾಜಿನ ತೊಟ್ಟಿಯಲ್ಲಿದ್ದ ಹವಳ ಸುಣ್ಣದಂತೆ ಬೆಳ್ಳಗಾಗಿದೆ.

ಅದು ಸರದ ಕೆಂಪು ಹವಳವಲ್ಲ. ಕಡಲೊಳಗೆ ದಿಬ್ಬ ಕಟ್ಟುವ ಜಾತಿಯದು. ಕಡಲಿನ ಜೀವಿಗಳ ವಿಷಯ ಓದುತ್ತಿದ್ದ ಮಗಳು ಸರ್ವಮಂಗಳಾ ರಾಮೇಶ್ವರದ ಕಡೆಯಿಂದ ಕ್ಯಾನುಗಳಲ್ಲಿ ಉಪ್ಪುನೀರು ತುಂಬಿಕೊಂಡು, ಮುಷ್ಟಿಗಾತ್ರದ ಈ ಒಂದನ್ನು ಜೋಪಾನವಾಗಿ ತಂದಿದ್ದಳು. ಆಗ ಅದಕ್ಕೆ ಬೆಲ್ಲದ ಬಣ್ಣ. ನೀಲಗಂಗಮ್ಮ ತನ್ನ ಕೊನೆಯ ದಿನಗಳಲ್ಲಿ ಮಂಚದ ಮೇಲಿಂದ ಅದನ್ನೇ ನೋಡುತ್ತಾ ಮಲಗಿರುತ್ತಿದ್ದಳು. ಅವಳು ಹೋದ ಮೇಲೆ ಮರುಳಸಿದ್ದಪ್ಪನವರು ಆ ತೊಟ್ಟಿಯ ಮುಂದೆ ಕೂರದ ದಿನವಿರಲಿಲ್ಲ.

"ಈ ಗೋಡೆ ಮುಟ್ಟಿ ನೋಡಿ ಅಪ್ಪಾಜಿ," ಎಂದಳು ಸರ್ವಮಂಗಳಾ.

ಮುಟ್ಟಿದರೆ ಕೈ ಬೆಚ್ಚಗಾಯಿತು. ನಂಟರಿಗೆ ಜಾಗ ಬೇಕೆಂದು ನಡುಮನೆಯ ತೊಟ್ಟಿಯನ್ನು ಇಲ್ಲಿಗೆ ಸರಿಸಿದ್ದರು. ಗೋಡೆಯ ಆಚೆಗೆ ಬಚ್ಚಲ ಒಲೆ. ಮೀಯದೆ ಯಾರೂ ಲಿಂಗ ಮುಟ್ಟುವಂತಿಲ್ಲವಾದ್ದರಿಂದ ನಂಟರು ಇದ್ದಷ್ಟು ದಿನವೂ ಹಂಡೆಯ ಕೆಳಗೆ ಬೆಂಕಿ ಆರಿರಲಿಲ್ಲ. ಗೋಡೆ ಕಾದು, ತೊಟ್ಟಿಯ ನೀರೂ ಕಾದಿತ್ತು.

ಉಳಿದುಕೊಂಡಿದ್ದ ಅಕ್ಕ ಬಸವಲಿಂಗಮ್ಮ ಬಾಗಿಲಿನಿಂದಲೇ ಇಣುಕಿದರು. "ಸತ್ತಿದ್ದನ್ನ ಮನೇಲಿ ಇಟ್ಕೊಂಡು ಏನ್ ನೋಡ್ತೀಯೋ ಮರುಳಸಿದ್ದ? ಪಾರಿಜಾತದ ಬುಡದಲ್ಲಿ ಗುಂಡಿ ತೋಡಿ, ವಿಭೂತಿ ಹಾಕಿ ಮಣ್ಣು ಮಾಡಿಬಿಡು."

"ಸತ್ತಿಲ್ಲ ಅತ್ತೆ. ಬೆಳ್ಳಗೆ ಕಾಣ್ತಿರೋದು ಒಳಗಿನ ಗೂಡು. ಮೇಲಿನ ಮೈ ಗಾಜಿನ ಥರ ಆಗಿದೆ, ಅಷ್ಟೆ. ಆ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತೆ. ಬಣ್ಣ ಅದರದ್ದೇ. ಬೆಳಕಲ್ಲಿ ಅಡುಗೆ ಮಾಡಿ ಹವಳಕ್ಕೂ ಬಡಿಸೋದು ಅದೇ. ನೀರು ಕಾದ್ರೆ ಹವಳ ಅದನ್ನ ಹೊರಗೆ ಹಾಕಿಬಿಡುತ್ತೆ."

"ಅಡುಗೆ ಮಾಡೋಳನ್ನೇ ಓಡಿಸೋದಾ! ಅಂಥ ಅತ್ತೇರು ನಮ್ಮ ತಿಪಟೂರಲ್ಲೂ ಇದ್ದಾರೆ ಬಿಡು."

ಸರ್ವಮಂಗಳಾ ನಗಲಿಲ್ಲ. "ಈಗ ಅದು ಉಪವಾಸ ಬಿದ್ದಿದೆ. ನಿಧಾನವಾಗಿ ನೀರು ತಣ್ಣಗಾದ್ರೆ, ಒಳಗೆ ಉಳಿದಿರೋ ಚೂರುಪಾರು ಪಾಚಿ ಮತ್ತೆ ಹೆಚ್ಚುತ್ತೆ. ಅಲ್ಲೀವರೆಗೂ ಬಾಯಿಗೆ ಏನಾದ್ರೂ ಕೊಟ್ರೆ ತಡ್ಕೊಳ್ಳುತ್ತೆ. ಇಲ್ದಿದ್ರೆ ಸಾಯುತ್ತೆ."

"ಏನು ಕೊಡ್ಬೇಕು? ಹಾಲೋ, ಹಿಟ್ಟೋ?" ಎಂದರು ಮರುಳಸಿದ್ದಪ್ಪನವರು.

"ಸೀಗಡಿ, ಅಪ್ಪಾಜಿ. ನುಣ್ಣಗೆ ಅರೆದು."

ಒಂದು ಮೊಟ್ಟೆಯೂ ಹೊಸಿಲು ದಾಟದ ಮನೆ ಅದು. ಬಸವಲಿಂಗಮ್ಮ ಎರಡೂ ಕಿವಿ ಮುಚ್ಚಿಕೊಂಡರು. "ಶಿವ ಶಿವಾ! ಆರಾಧನೆಯ ಎಲೆ ಇನ್ನೂ ಒಣಗಿಲ್ಲ. ಅದು ಬರೋದಾದ್ರೆ ನಾನು ಸಂಜೆ ಬಸ್ಸಿಗೇ ಹೊರಟೆ."

"ಬೇಡ ಅಪ್ಪಾಜಿ, ಗಿರಿನಗರದ ಗೆಳತಿ ಮನೆಗೆ ಸಾಗಿಸ್ತೀನಿ."

"ಸಾಗಿಸಿದ್ರೆ ಉಳಿಯುತ್ತಾ?"

"ಅನುಮಾನ ಅಪ್ಪಾಜಿ."

ಮರುಳಸಿದ್ದಪ್ಪನವರು ಪೂಜೆಯ ಕೋಣೆಗೆ ಹೋಗಿ, ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂತರು. ನೀಲಗಂಗಿಯ ಹೆಸರಿನಲ್ಲಿ ಊರಿಗೆಲ್ಲ ಉಣಬಡಿಸಿದ್ದಾಯಿತು. ನಾವು ಮೀಯಲು ಕಾಸಿದ ಬೆಂಕಿಯಿಂದಲೇ ಮನೆಯೊಳಗಿನ ಒಂದು ಜೀವ ಹಸಿದು ಬಿದ್ದಿದೆ. ದಾಸೋಹವೆಂದರೆ ಹಸಿದವರಿಗೆ ಬೇಕಾದ್ದನ್ನು ಕೊಡುವುದೇ ಹೊರತು ನಮಗೆ ರುಚಿಸಿದ್ದನ್ನಲ್ಲ. ಇದರಲ್ಲಿ ಪಾಪವಿದ್ದರೆ ಅದು ನನ್ನ ತಲೆಗೇ ಇರಲಿ ಎಂದುಕೊಂಡು ಎದ್ದರು. ಒಂದು ಹಳೆಯ ಚೀಲ ಹಿಡಿದು ಸಾರಕ್ಕಿಯ ಸಂತೆಗೆ ನಡೆದರು.

ಮೀನು ಮಾರುವ ಗೋವಿಂದಮ್ಮ ಅವರ ಹಣೆಯನ್ನು ನೋಡಿ ತಕ್ಕಡಿ ಕೆಳಗಿಟ್ಟಳು. "ಏನ್ ಸ್ವಾಮಿ, ಇಷ್ಟುದ್ದ ವಿಭೂತಿ ಬಳ್ಕೊಂಡು ನನ್ ಹತ್ರ ಬಂದಿದ್ದೀರಾ? ಹೂವಿನೋಳು ಆ ಕಡೆ."

"ಸೀಗಡಿ ಕೊಡಮ್ಮ. ನನಗಲ್ಲ, ಮನೇಲಿರೋ ಹವಳಕ್ಕೆ."

"ಎಲ್ರೂ ಹಂಗೇ ಅಂತಾರೆ. ಒಬ್ರು ಬೆಕ್ಕಿಗೆ ಅಂತಾರೆ, ಒಬ್ರು ಬಸುರಿಗೆ ಅಂತಾರೆ. ಹವಳಕ್ಕೆ ಅಂದೋರು ನೀವೇ ಮೊದ್ಲು!" ಎಂದು ನಗುತ್ತಾ ಎಲೆಯಲ್ಲಿ ಕಟ್ಟಿಕೊಟ್ಟಳು.

ಅಷ್ಟರಲ್ಲಿ ಸರ್ವಮಂಗಳಾ ಪಕ್ಕದ ಮನೆಯವರನ್ನು ಕರೆದು ತೊಟ್ಟಿಯನ್ನು ನಡುಮನೆಗೆ ತಂದು, ಸುತ್ತ ಒದ್ದೆ ಗೋಣಿ ಸುತ್ತಿ ಫ್ಯಾನು ಹಾಕಿದ್ದಳು. ಮರುಳಸಿದ್ದಪ್ಪನವರು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ, ಮೂಗಿಗೆ ವಸ್ತ್ರ ಕಟ್ಟಿಕೊಂಡು, ಸೀಗಡಿಯನ್ನು ತಾವೇ ಅರೆದರು. ಹವಳ ಕತ್ತಲಲ್ಲಿ ಮಾತ್ರ ಬಾಯಿ ತೆರೆಯುತ್ತದೆಂದು ತೊಟ್ಟಿಗೆ ಕರಿಕಂಬಳಿ ಹೊದಿಸಿದರು. ಸಂಜೆ ಕಂಬಳಿಯ ತುದಿ ಎತ್ತಿ, ಸರ್ವಮಂಗಳಾ ಪೆನ್ನಿಗೆ ಇಂಕು ತುಂಬುವ ಫಿಲ್ಲರಿನಲ್ಲಿ ಒಂದಿಷ್ಟು ಬಿಟ್ಟಳು.

ಬಸವಲಿಂಗಮ್ಮ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಬಿಳಿಗಲ್ಲಿನ ತೂತುತೂತುಗಳಿಂದ ನೂಲಿನೆಳೆಯಂಥ ಬೆರಳುಗಳು ಹೊರಬಂದವು. ನೀರಿನಲ್ಲಿ ತಡಕಾಡಿದವು. ಸಿಕ್ಕಿದ್ದನ್ನು ಹಿಡಿದು ಒಳಕ್ಕೆ ಎಳೆದುಕೊಂಡವು.

"ಅಯ್ಯೋ, ಕೈ ಚಾಚ್ತಿದೆಯಲ್ಲೋ!" ಬಸವಲಿಂಗಮ್ಮ ಚೀಲ ಕೆಳಗಿಟ್ಟು ಹತ್ತಿರ ಬಂದರು. "ಎಷ್ಟು ಹಸಿದಿತ್ತೋ ಪಾಪ."

"ಬಸ್ಸಿಗೆ ಹೊತ್ತಾಯ್ತು ಅಕ್ಕ," ಎಂದರು ಮರುಳಸಿದ್ದಪ್ಪನವರು.

"ಬಸ್ಸು ನಾಳೇನೂ ಇರುತ್ತೆ. ಈ ಮೂಲೇಲಿರೋದಕ್ಕೆ ಸಿಕ್ಕಿಲ್ಲ ನೋಡೇ ಮಂಗಳಾ, ಅಲ್ಲೊಂಚೂರು ಬಿಡು. ನೀನು ದೂರ ನಿಂತ್ಕೊಳೋ, ಸ್ನಾನ ಮಾಡೋವರೆಗೂ ನನ್ನ ಮುಟ್ಟಬೇಡ!"

ಆಷಾಢದ ಹೊತ್ತಿಗೆ ಹವಳದ ಒಂದು ಅಂಚು ಸತ್ತು, ಹೊರಗಿನ ಪಾಚಿ ಹಿಡಿದು ಹಸಿರುಗಟ್ಟಿತ್ತು. ಮಿಕ್ಕಿದ್ದೆಲ್ಲ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು.